ಎದುರುಮನೆಯ ಹೆಪ್ಪು

ಕೋಳಿ ಕೊಯ್ಯುವುದನ್ನು ಜನ ಬಿಟ್ಟು ಯಾವ ಕಾಲವಾಯಿತೋ. ಈಗ ಮೊಸರಿನಂತೆ ಮಾಂಸಕ್ಕೂ ಹೆಪ್ಪು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಕೋಳಿ. ಶಶಿರೇಖಾಳ ಮನೆಯ ಹೆಪ್ಪು ಗೋಧಿಹಿಟ್ಟು ತಿಂದು ಬೆಳೆದದ್ದು. ಮಗಳು ಮಿನಿಗೋ ಗೋಧಿ ಸೋಕಿದರೆ ಸಾಕು, ಎರಡು ದಿನ ಹೊಟ್ಟೆನೋವು. ಹುಟ್ಟುಹಬ್ಬಕ್ಕೆ ಅವಳು ಕೇಳಿದ್ದು ಖಾರದ ಚೈನೀಸ್ ಚಿಕನ್. ಅದಕ್ಕೇ ಶಶಿರೇಖಾ ಗೋಧಿಯಿಲ್ಲದ ಸೋಯಾ ಸಾಸ್ ಹುಡುಕಿದಳು, ಎದುರುಮನೆಯ ಪುಟ್ಟತಾಯಮ್ಮ ರಾಗಿಹಿಟ್ಟಿನಲ್ಲಿ ಸಾಕಿದ್ದ ಹೆಪ್ಪು ಕೇಳಿ ತಂದು ಹಿಂದಿನ ರಾತ್ರಿಯೇ ಹಾಕಿಟ್ಟಳು.

ಮೊದಲ ಒಬ್ಬೆಯನ್ನು ಮಗಳಿಗೆ ಬಡಿಸಿ, ಬಾಣಲೆಗೆ ಮತ್ತೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದಳು. ಮಾಂಸ ಬಿದ್ದದ್ದೇ ಬೆವರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಂದು ತುಂಡಿನ ತುದಿ ಹೊಳೆಯುತ್ತಿತ್ತು. ಮಗುಚಿ ನೋಡಿದರೆ ಉಗುರು. ಕೋಳಿಯದಲ್ಲ, ಮನುಷ್ಯರದು.

ಅಷ್ಟರಲ್ಲಿ ಪುಟ್ಟತಾಯಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಬಂದರು. "ಹೆಪ್ಪು ಚೆಂದಾಗಿ ಹಿಡೀತೇನವ್ವಾ? ನಿಂಗೆ ಕುಯ್ದು ಕೊಡುವಾಗ ನನ್ ಬೆರಳೂ ವಸಿ ಕುಯ್ದೋಯ್ತು. ಹೇಳಾದೇ ಮರ್ತೆ ನೋಡು!"

ಶಶಿರೇಖಾ ಸೆರಗು ಬಾಯಿಗೊತ್ತಿಕೊಂಡು ತಿರುಗಿದಳು. ಮಿನಿ ತಟ್ಟೆ ನೆಕ್ಕುತ್ತಿದ್ದಳು.

"ಅಮ್ಮಾ, ಇನ್ನೊಂದ್ ಸೌಟು ಹಾಕಮ್ಮಾ. ಹೊಟ್ಟೆ ಒಂಚೂರೂ ನೋಯ್ತಿಲ್ಲ!"