ಹೆಚ್ಚಿಗೆ ಹಾಕಿದ ಪಟ್ಟಿ

ವನಜಾಕ್ಷಿ ತನ್ನ ಪಿಕಪ್ ಗಾಡಿಯನ್ನು ಗ್ಯಾರೇಜಿನ ಬಾಗಿಲಿಗೇ ಅಡ್ಡ ನಿಲ್ಲಿಸಿ ಇಳಿದಳು.

"ಏನ್ರೀ ಖಲಂದರ್, ಎಂಥಾ ರಿಪೇರಿ ಮಾಡಿದ್ರಿ? ತಿರುವಲ್ಲಿ ಹಿಂದಿನ ಗಾಲಿ ಎಗರಿ ಗಾಡಿ ಜಾರ್ತು. ಕೆರೆಗೆ ಬೀಳೋದೊಂದು ಬಾಕಿ ಇತ್ತು!"

ಮೆಕ್ಯಾನಿಕ್ ಬಗ್ಗಿ ಹಿಂದಿನ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್ ತೋರಿಸಿದ. "ಎರಡು ಪಟ್ಟಿ ಜಾಸ್ತಿ ಹಾಕಿದೀನಲ್ಲ ಅಕ್ಕ. ಭಾರ ಹೇರಿದ್ರೆ ಗಾಡಿ ಗಟ್ಟಿ ಕೂರುತ್ತೆ. ಹಗುರ ಇದ್ರೆ ಹಿಂಗೇ ಎಗರುತ್ತೆ."

"ನಾನು ಹೇರೋದು ಮಂಡಕ್ಕಿ ಚೀಲ! ಹಾಕು ಅಂದಿದ್ಯಾರು?"

"ನಿಮ್ಮ ಯಜಮಾನ್ರು. ಗಾಡಿ ಜಾರುತ್ತೆ ಅಂತ ನಾನು ಹೇಳ್ದೆ. 'ಜಾರ್ಲಿ ಬಿಡು, ಒಂದ್ಸಲ ಹೆದರಿದ್ರೆ ವ್ಯಾಪಾರ ಬಿಟ್ಟು ಮನೇಲಿ ಕೂರ್ತಾಳೆ' ಅಂತ ನಕ್ರು. ತಮಾಷೆ ಅನ್ಕೊಂಡೆ ಅಕ್ಕ."

ವನಜಾಕ್ಷಿ ಗಾಡಿಯ ಕೀಲಿಯನ್ನು ಅವನ ಕೈಗಿಟ್ಟಳು.

"ಬಿಚ್ಚಿ. ಆ ಎರಡೂ ಪಟ್ಟಿ ನನ್ನ ಕೈಗೆ ಕೊಡಿ. ಮನೆಗೆ ತಗೊಂಡು ಹೋಗ್ಬೇಕು."