ಐದನೇ ಕೊಳವೆ

ಅಳತೆಯ ಟೇಪು ಮೂರು ಮೀಟರಿಗೇ ಒದ್ದೆಯಾಯಿತು. ಬಾಟಲಿ ಮೇಡಂ ಅದನ್ನು ಮೇಲೆಳೆದು, ಒರೆಸಿ, ಮತ್ತೆ ಇಳಿಬಿಟ್ಟಳು. ಮತ್ತೆ ಮೂರೇ. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಸುತ್ತ ನೆಲದೊಳಗೆ ಇಳಿಸಿದ್ದ ಏಳು ಕೊಳವೆಗಳಲ್ಲಿ ಉಳಿದ ಆರರಲ್ಲೂ ನೀರು ಒಂಬತ್ತು ಮೀಟರ್ ಕೆಳಗಿತ್ತು. ಟೈಲರ್ ಅಕ್ಕನ ಹಿತ್ತಲಿನ ಈ ಐದನೆಯದರಲ್ಲಿ ಮಾತ್ರ ಮೇಲೇರಿ ಕೂತಿತ್ತು.

ತಿಂಗಳಿಗೊಮ್ಮೆ ಬಂದು ಪರೀಕ್ಷೆಗೆಂದು ನೀರು ತುಂಬಿಕೊಂಡು ಹೋಗುವವಳಿಗೆ ಬೀದಿಯವರೇ ಇಟ್ಟ ಹೆಸರು ಬಾಟಲಿ ಮೇಡಂ. ಎರಡು ವರ್ಷ ಈ ಕೊಳವೆಯ ಮುಚ್ಚಳ ತೆಗೆದರೆ ಥಿನ್ನರ್ ವಾಸನೆ ಮೂಗಿಗೆ ರಾಚುತ್ತಿತ್ತು. ಕಳೆದೆರಡು ತಿಂಗಳಿಂದ ಅದರ ಸುಳಿವೇ ಇಲ್ಲ. ನೆಲದಡಿಯ ಕೆಟ್ಟ ನೀರನ್ನು ಎಳೆದು ಶುದ್ಧ ಮಾಡುವ ಪಂಪಿನ ಗುತ್ತಿಗೆದಾರ ಮೀಸೆ ತಿರುವಿದ್ದ. "ಒಳ್ಳೇ ಸುದ್ದಿ ಬಂದ್ರೂ ನಿಮಗೆ ಅನುಮಾನ" ಎಂದು ಆಫೀಸಿನಲ್ಲಿ ಸಾಹೇಬರು ನಕ್ಕಿದ್ದರು. ಅವಳು ಆ ಎರಡೂ ತಿಂಗಳ ವರದಿಗಳಿಗೆ ಸಹಿ ಹಾಕಿದ್ದಳು. ಮನಸ್ಸು ತಡೆಯದೆ ಈ ಸಲ ಎರಡು ದಿನ ಮೊದಲೇ, ಯಾರಿಗೂ ಹೇಳದೆ ಬಂದಿದ್ದಳು.

ಬಂದಾಗ ಮುಚ್ಚಳದ ಬೀಗ ಹಾಕಿದಂತೆಯೇ ಇತ್ತು. ಆದರೆ ಚಿಲಕದ ತಿರುಪುಗಳ ತಲೆಯ ಮೇಲಿನ ತುಕ್ಕು ಕಿತ್ತುಹೋಗಿ ಲೋಹ ಹೊಸದಾಗಿ ಹೊಳೆಯುತ್ತಿತ್ತು.

"ಅಕ್ಕಾ, ಪಂಪಿನವರೇನಾದ್ರೂ ಈ ಕಡೆ ಬಂದಿದ್ರಾ?"

"ಇಲ್ಲಮ್ಮ, ಯಾರೂ ಇಲ್ಲ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಟೈಲರ್ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಪಕ್ಕದ ಕಿಟಕಿಕಟ್ಟೆಯ ಮೇಲೆ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್. ಅದರ ತುದಿಗೆ ತುಕ್ಕಿನ ಪುಡಿ.

ಇಷ್ಟು ದಿನ ಗುತ್ತಿಗೆದಾರನ ಮೇಲಿದ್ದ ಅನುಮಾನ ಬಾಟಲಿ ಮೇಡಂಳ ಕಣ್ಣೆದುರೇ ಜಾಗ ಬದಲಿಸಿತು. "ನೀವಾ?"

"ಹಾಗೆ ನೋಡ್ಬೇಡಮ್ಮ. ನಲ್ಲಿ ನೀರು ಹಾಕಿದ್ದು, ವಿಷ ಅಲ್ಲ. ನೀನು ಬರೋದು ನಾಳಿದ್ದು ತಾನೆ? ಅಷ್ಟರಲ್ಲಿ ಇಳಿದುಹೋಗ್ತಿತ್ತು." ಅಕ್ಕ ದನಿ ತಗ್ಗಿಸಿದಳು. "ಒಳಗೆ ಯಜಮಾನ್ರು ಕೆಮ್ಮೋದು ಕೇಳಿಸ್ತಿದೆಯಲ್ಲ? ಈ ಜಾಗ ಬಿಡಿ ಅಂತಾರೆ ಡಾಕ್ಟ್ರು. ನಿನ್ನ ಕಾಗದದಲ್ಲಿ ಕೆಟ್ಟಿದೆ ಅಂತಿದ್ರೆ ಮನೆ ಯಾರು ತಗೋತಾರೆ? ಹತ್ತೊಂಬತ್ತು ವರ್ಷ ಇದೇ ನೆಲದ ನೀರು ಕುಡಿದ್ವಿ. ಆಗ ನಿನ್ನ ಬಾಟಲಿ ಎಲ್ಲಿತ್ತು?"

ಬಾಟಲಿ ಮೇಡಂ ತಾನು ತಂದಿದ್ದ ಪುಟ್ಟ ಪಂಪನ್ನು ಕೊಳವೆಗಿಳಿಸಿ ಶುರು ಮಾಡಿದಳು. ಪ್ರತಿಸಲ ಎರಡು ಬಕೆಟ್ ನೀರು ತೆಗೆದ ಮೇಲೆ ಬಾಟಲಿ ತುಂಬುತ್ತಿದ್ದಳು. ಇವತ್ತು ನಿಲ್ಲಿಸಲಿಲ್ಲ. ಸುರಿದದ್ದೆಲ್ಲ ಖಾಲಿಯಾಗಿ ಐದನೇ ಬಕೆಟ್ ತುಂಬುವ ಹೊತ್ತಿಗೆ ಆ ಹಳೆಯ ವಾಸನೆ ಗಪ್ಪನೆ ಮೇಲೆದ್ದಿತು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಮನೆ ಕೊಳ್ಳಲಿದ್ದ ಹೆಂಗಸು ಮಗುವನ್ನು ಕಂಕುಳಲ್ಲೆತ್ತಿಕೊಂಡು ಬಂದಳು. "ಇನ್ನೊಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ ಅಕ್ಕ" ಎನ್ನುತ್ತಾ ಮಗುವನ್ನು ನೆಲಕ್ಕೆ ಬಿಟ್ಟು, ಹಿತ್ತಲನ್ನು ಹೆಜ್ಜೆಯಲ್ಲಿ ಅಳೆಯತೊಡಗಿದಳು. "ಇಲ್ಲಿಂದ ಇಲ್ಲಿ ತನಕ ಟೊಮೆಟೊ. ಗೋಡೆ ಪಕ್ಕ ಸೊಪ್ಪು."

ಟೈಲರ್ ಅಕ್ಕ ಏನೂ ಹೇಳಬೇಡವೆನ್ನುವಂತೆ ಬಾಟಲಿ ಮೇಡಂಳ ಮುಖವನ್ನೇ ನೋಡುತ್ತಿದ್ದಳು. ಆಗ ಮಗು ಒಂದು ಹಿಡಿ ಮಣ್ಣೆತ್ತಿ ಬಾಯಿಗೆ ಹಾಕಿಕೊಂಡಿತು.

ಅಕ್ಕ ಓಡಿದ ರಭಸಕ್ಕೆ ಒಂದು ಬಕೆಟ್ ಉರುಳಿತು. ಮಗುವಿನ ದವಡೆ ಅದುಮಿ, ಬೆರಳು ತೂರಿಸಿ, ಮಣ್ಣನ್ನೆಲ್ಲ ಬಳಿದು ತೆಗೆದಳು. ಮಗು ಕಿಟಾರನೆ ಕಿರುಚಿತು.

"ಬಿಡಿ ಅಕ್ಕ, ಮಣ್ಣು ತಿನ್ನದೇ ಇರೋ ಮಕ್ಕಳಿದಾರಾ?" ಎಂದು ತಾಯಿ ನಕ್ಕಳು.

"ಈ ಮಣ್ಣು ಬೇಡ ಕಣಮ್ಮ." ಅಕ್ಕ ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಅವಳು ಯಾರೂ ಕೇಳದೆಯೇ ಎಲ್ಲವನ್ನೂ ಹೇಳಿಬಿಟ್ಟಳು: ತಿರುಪು ಬಿಚ್ಚಿದ್ದು, ನಲ್ಲಿಯ ಪೈಪು ಇಳಿಬಿಟ್ಟಿದ್ದು, ಯಜಮಾನರ ಎದೆ. "ಈ ಮನೆ ನಿಮಗೆ ಬೇಡಮ್ಮ. ಬೇರೆ ನೋಡ್ಕೊಳ್ಳಿ."

ಹೆಂಗಸು ಬಕೆಟಿನತ್ತ ಬಗ್ಗಿ ಮೂಸಿ, ಸರಕ್ಕನೆ ಮುಖ ಹಿಂದೆಳೆದುಕೊಂಡಳು. ಚೀಲದಿಂದ ಮಡಿಸಿದ ಕಾಗದ ತೆಗೆದು ಬಿಡಿಸಿದಳು. "ನೀರು ಚೆನ್ನಾಗಿದೆ ಅಂತ ಹೋದ ತಿಂಗಳು ಬರೆದಿದೀರಿ. ಸಹಿ ನಿಮ್ಮದೇ ಅಲ್ವಾ ಮೇಡಂ?"

"ನನ್ನದೇ. ಆದ್ರೆ..."

ಆ ಹೆಂಗಸು ಮಗುವನ್ನೆತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕನನ್ನು ನೋಡಿದಳು, ಬಾಟಲಿ ಮೇಡಂಳನ್ನು ನೋಡಿದಳು.

"ಮನೆಗೆ ಬೇರೆ ಗಿರಾಕಿ ಸಿಕ್ಕಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತು" ಎಂದಳು. "ನನ್ನನ್ನ ಓಡಿಸೋಕೆ ಇಬ್ಬರೂ ಸೇರಿ ಈ ನೀರಿಗೆ ಏನು ಸುರಿದ್ರಿ?"