ಕೇಳಿ ತಂದ ಸಿಪ್ಪರ್

ಮೊದಲ ಕೂಸನ್ನು ಕಳೆದುಕೊಂಡಿದ್ದ ವಾರಿಜಳ ಮಡಿಲಲ್ಲಿ ಈಗ ಇನ್ನೊಂದಿತ್ತು. ಇದಾದರೂ ಕೈಗೆ ದಕ್ಕಬೇಕೆಂದರೆ, ಮಕ್ಕಳೆಲ್ಲ ಉಳಿದು ಬೆಳೆದ ಮನೆಯಿಂದ ಹಳೆಯದೇನಾದರೂ ಬೇಡಿ ತರಬೇಕೆಂದಿದ್ದರು ಅತ್ತೆ. ಬೀದಿಗೆ ಹೊಸಬಳಾದ ವಾರಿಜ, ಅವಳಿ ಗಂಡುಮಕ್ಕಳು ಕುಣಿದಾಡುತ್ತಿದ್ದ ಎದುರುಮನೆಗೆ ಹೋಗಿ, ಕಾರಣ ಹೇಳದೆ ಹಳೆಯ ಸಿಪ್ಪರ್ ಕೇಳಿದಳು. ಆ ಮನೆಯ ಸುಕನ್ಯಕ್ಕ ಸಿಪ್ಪರ್ ಜೊತೆಗೆ ಅದರ ಸ್ಟ್ರಾ ತೊಳೆಯುವ ಸಣ್ಣ ಬ್ರಷ್ಷನ್ನೂ ಕೊಟ್ಟು ನಲ್ಲಿ ತೋರಿಸಿದಳು.

ವಾರಿಜ ಉಜ್ಜಿದಳು, ಮತ್ತೆ ಮತ್ತೆ ಉಜ್ಜಿದಳು.

"ಕೂಸಿನ ಎಂಜಲಿಗೆ ಇಷ್ಟೊಂದು ಹೆದರ್ತಾರೇನೇ ತಾಯಿ?" ಅಕ್ಕ ನಕ್ಕಳು.

"ಹಂಗಲ್ಲಕ್ಕಾ, ನನ್ನ ಸಮಾಧಾನಕ್ಕೆ."

ಸ್ಟ್ರಾದ ತುದಿಯನ್ನು ಉಜ್ಜತೊಡಗಿದಾಗ ಅಕ್ಕ ಥಟ್ಟನೆ ಅವಳ ಕೈ ಹಿಡಿದಳು.

"ಅಲ್ಲಿ ಮೆಲ್ಲಗೆ ಕಣೇ, ಅದು ನನ್ನ ಮಗಳ ಹಲ್ಲಿನ ಗುರುತು. ಅವಳು ತೀರ್ಕೊಂಡಾಗಿಂದ, ಇದ್ರಲ್ಲಿ ಇನ್ನೊಂದು ಮಗು ಕುಡೀಲಿ ಅಂತಾನೇ ಇಟ್ಕೊಂಡಿದ್ದೆ."